ಮಾಫಿ ಸಾಕ್ಷಿ ದುರುಗವ್ವ

ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಕೂರುವ ಜಾಗ ಮ್ಯಾಜಿಸ್ಟ್ರೇಟರ ಪೀಠದ ಕೆಳಗೆ ಇರುತ್ತದೆ. ಅವರ ಮೇಜಿನ ಅಂಚು ನಮ್ಮ ತಲೆಗಿಂತ ಮೇಲೆ. ಅವರಿಗೆ ಸಾಕ್ಷಿಯ ಮುಖ ನೇರವಾಗಿ ಕಾಣುತ್ತದೆ. ನಮಗೆ, ಬರೆಯುತ್ತಾ ತಲೆ ಬಗ್ಗಿಸಿಕೊಂಡವರಿಗೆ, ಕಟಕಟೆಯ ಕೆಳಗಿನ ಸರಳುಗಳು, ಸರಳುಗಳ ಹಿಂದೆ ಸಾಕ್ಷಿಯ ಪಾದಗಳು ಕಾಣುತ್ತವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ನಾನು ಗಮನಿಸಿರಲಿಲ್ಲ. ಆಮೇಲೆ ಬಹಳ ವರ್ಷ ಪಾದಗಳನ್ನೇ ನೋಡಿದೆ.

ನನ್ನ ತಂಗಿಯ ಮಗಳು ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. ಮಕ್ಕಳ ಮೇಲೆ, ಕೈಲಾಗದವರ ಮೇಲೆ ನಡೆಯುವ ಅಪರಾಧಗಳಿಗೆ ಶಿಕ್ಷೆ ಹೆಚ್ಚಿಸಬೇಕು ಎಂಬ ಮಾತು ಪತ್ರಿಕೆಯಲ್ಲಿ ಬಂದಿದ್ದ ದಿನ ಊಟಕ್ಕೆ ಕೂತಾಗ ಕೇಳಿದಳು: "ಶಿಕ್ಷೆ ಜಾಸ್ತಿ ಮಾಡಿದ್ರೆ ಇಂಥವೆಲ್ಲ ಕಡಿಮೆ ಆಗ್ತಾವೇನ್ ಮಾವ? ನೀವು ನೋಡಿರ್ತೀರಲ್ಲ." ನಾನು ನೋಡಿದ್ದು ಒಂದೇ ಒಂದು ಸಲ, ಶಿಕ್ಷೆ ಹೆಚ್ಚಾದ ಹೊಸದರಲ್ಲಿ. ಊಟದ ನಡುವೆ ಹೇಳುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೋಡಿದ್ದನ್ನು ನೋಡಿದೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಬೇರೆ ಬೇರೆ ಬರೆಯುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಮುಖ್ಯವಾಗಿ ಅದನ್ನೇ.

ನಾನು ಸೇರಿದ್ದು ಐವತ್ತರ ದಶಕದ ಮೊದಲಲ್ಲಿ, ದಾವಣಗೆರೆಯಲ್ಲಿ. ಆಗ ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಬೆಂಚ್ ಕ್ಲಾರ್ಕಿನ ಕೆಲಸವೆಂದರೆ ಕೇಸು ಕರೆಸುವುದು, ಸಾಕ್ಷಿಗೆ ಪ್ರಮಾಣ ಹೇಳಿಸುವುದು, ಸಾಕ್ಷಿ ಆಡಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುವುದು. ಮೇಲೆ ಮ್ಯಾಜಿಸ್ಟ್ರೇಟರು ಅದರ ಸಾರವನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದರು. ಟೈಪ್‌ರೈಟರ್ ಬಂದದ್ದು ಬಹಳ ಆಮೇಲೆ. ನಮ್ಮದು ಅದ್ದಿ ಬರೆಯುವ ಟಾಕು ಮತ್ತು ಮಸಿ ದೌತಿ. ಟಾಕನ್ನು ದೌತಿಯಲ್ಲಿ ಅದ್ದುವಾಗ ಬರೆಯುವವನು ಒಂದು ಕ್ಷಣ ನಿಲ್ಲುತ್ತಾನೆ. ಅದನ್ನು ನೋಡಿ ಸಾಕ್ಷಿಯೂ ನಿಲ್ಲುತ್ತಾನೆ. ಆ ನಿಂತ ಕ್ಷಣದಲ್ಲಿ ಮುಂದಿನ ಮಾತು ಬದಲಾಗಿಬಿಡುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಹೆಸರು ಕೂಗುತ್ತಿದ್ದವರು ದಫೇದಾರ್ ಇಮಾಂ ಸಾಬರು. ಹರಿಹರದವರು. ಜಗಲಿಯಲ್ಲಿ ನಿಂತು ಮೂರು ಸಲ ಕೂಗಿದರೆ ಮಂಡಿಪೇಟೆಯಲ್ಲಿ ತೂಕ ಮಾಡುತ್ತಿದ್ದವನೂ ತಿರುಗಿ ನೋಡುತ್ತಾನೆ ಎಂದು ವಕೀಲರು ನಗುತ್ತಿದ್ದರು. ಒಮ್ಮೆ ಮಂಡಕ್ಕಿ ಚೀಲದ ಕಳವಿನ ಕೇಸು ಬಂತು. ಚೀಲವನ್ನು ಮುದ್ದೆಮಾಲು ಎಂದು, ಅಂದರೆ ಕೇಸಿನ ಸ್ವತ್ತು ಎಂದು, ಚೀಟಿ ಕಟ್ಟಿ ನಮ್ಮ ರೆಕಾರ್ಡು ಕೋಣೆಯಲ್ಲಿ ಇಟ್ಟೆವು. ವಿಚಾರಣೆಯ ದಿನ ತಂದು ನೋಡಿದರೆ ಚೀಲ ಅರ್ಧಕ್ಕಿಳಿದಿತ್ತು.

"ಇಲಿ ಇರ್ಬೇಕ್ರಿ ಸ್ವಾಮಿ" ಎಂದರು ಇಮಾಂ ಸಾಬರು.

ಮ್ಯಾಜಿಸ್ಟ್ರೇಟರು ಎದ್ದು ಹೋಗಿ ಕೋಣೆ ನೋಡಿ ಬಂದರು. "ಈ ಊರ ಇಲಿ ಹಸಿಮೆಣಸಿನಕಾಯಿ ಕಚ್ಚಿಕೊಂಡು ತಿಂತಾವೇನ್ರಿ, ಸಾಬ್ರೇ? ಮೂಲೆ ತುಂಬ ತೊಟ್ಟು ಬಿದ್ದಾವೆ."

"ದಾವಣಗೆರೆ ಇಲಿ ಸ್ವಾಮಿ, ರೂಢಿ ಆಗೇತಿ."

ಅವತ್ತಿನಿಂದ ಕೆಡುವ ಮಾಲನ್ನು ನಮ್ಮಲ್ಲಿ ಇರಿಸಿಕೊಳ್ಳುವುದು ನಿಂತಿತು. ಹೊಸಬರು ನೆನಪಿಟ್ಟುಕೊಳ್ಳಬೇಕಾದ ಪಾಠ ಅದು: ತಿನ್ನುವ ವಸ್ತುವಿಗೆ ಚೀಟಿ ಕಟ್ಟಿದರೆ ಅದು ತಿನ್ನುವ ವಸ್ತುವಾಗಿಯೇ ಉಳಿಯುತ್ತದೆ.

ಆ ಮ್ಯಾಜಿಸ್ಟ್ರೇಟರು ಅಮಲ್ದಾರಿಕೆ ಮಾಡಿ ಬಂದವರು. ಕೆಟ್ಟವರಲ್ಲ. ಸಣ್ಣ ಕೇಸುಗಳಲ್ಲಿ ಅವರಿಗೆ ಪ್ರಿಯವಾದ ಶಿಕ್ಷೆ 'ಕೋರ್ಟು ಏಳುವವರೆಗೆ' ಎಂಬುದು. ಅಪರಾಧಿ ಆ ದಿನದ ಕಲಾಪ ಮುಗಿಯುವ ತನಕ ಹಿಂದಿನ ಬೆಂಚಿನ ಮೇಲೆ ಕೂರಬೇಕು. ಮ್ಯಾಜಿಸ್ಟ್ರೇಟರು ಪೀಠದಿಂದ ಎದ್ದರೆ ಅವನ ಶಿಕ್ಷೆ ಮುಗಿಯಿತು. ಮನೆಗೆಲಸದ ಹುಡುಗಿಗೆ ಸಟುಗದಿಂದ ಹೊಡೆದವರು, ಕುರುಡ ಮುದುಕನನ್ನು ಅಂಗಡಿಯ ಮೆಟ್ಟಿಲಿನಿಂದ ನೂಕಿದವರು ಆ ಬೆಂಚಿನ ಮೇಲೆ ಕೂತು ಎದ್ದು ಹೋಗಿದ್ದಾರೆ. ಕೆಲವರಿಗೆ ಮನೆಯಿಂದ ಕಾಫಿ ಬರುತ್ತಿತ್ತು.

ಭರಮಪ್ಪ ಎಂಬುವನನ್ನು ನಾನು ಮೊದಲು ನೋಡಿದ್ದು ಆ ಬೆಂಚಿನ ಮೇಲೆ. ಹತ್ತಿ ಮಾರುಕಟ್ಟೆಯ ಹತ್ತಿರ ಒಬ್ಬ ಕುಂಟ ಹುಡುಗನನ್ನು ಭಿಕ್ಷೆಗೆ ಕೂರಿಸಿ, ಸಂಜೆ ಅವನಿಗೆ ಹೊಡೆಯುತ್ತಿದ್ದುದನ್ನು ಪೇದೆಯೊಬ್ಬ ಕಂಡಿದ್ದ. ಹುಡುಗನ ಕಾಲು ಮೊಣಕಾಲಿನ ಕೆಳಗೆ ಹೊರಳಿತ್ತು. ಅದು ಹೇಗಾಯಿತೆಂದು ಕೇಳಿದಾಗ ಹುಡುಗ "ಹುಟ್ಟಾ ಹಿಂಗೇ ರಿ" ಎಂದ. ಕೇಳಿ ಮುಗಿಯುವ ಮೊದಲೇ ಹೇಳಿದ. ನಾನು ಬರೆದುಕೊಂಡೆ. ಹೊಡೆದದ್ದು ಮಾತ್ರ ರುಜುವಾಯಿತು. ಸಾಮಾನ್ಯ ಗಾಯ, ಕೋರ್ಟು ಏಳುವವರೆಗೆ ಶಿಕ್ಷೆ. ಆ ದಿನ ಸಾಹೇಬರಿಗೆ ಬೀಗರ ಮನೆಯಲ್ಲಿ ಊಟವಿತ್ತು. ಕೋರ್ಟು ಬೇಗ ಎದ್ದಿತು. ಭರಮಪ್ಪ ಬೆಂಚಿನ ಮೇಲೆ ನಿದ್ದೆ ಹೋಗಿದ್ದ. ಇಮಾಂ ಸಾಬರು ತಟ್ಟಿ ಎಬ್ಬಿಸಿದರು. ಜಗಲಿಯಲ್ಲಿ ಕಾದಿದ್ದ ಹುಡುಗ ಅವನ ಅಂಗಿಯ ತುದಿ ಹಿಡಿದುಕೊಂಡು ಕುಂಟುತ್ತಾ ಹೊರಟ. ಹಿಡಿದುಕೊಳ್ಳಲು ಅವನಿಗೆ ಬೇರೆ ಯಾವ ಅಂಗಿಯೂ ಇರಲಿಲ್ಲ. ಆ ಹುಡುಗನನ್ನು ನಾನು ಮತ್ತೆ ನೋಡಲಿಲ್ಲ.

ಪೊಲೀಸರ ಪರವಾಗಿ ಕೇಸು ನಡೆಸುತ್ತಿದ್ದವರು ಪ್ರಾಸಿಕ್ಯೂಟರ್ ಹಾಲಪ್ಪನವರು. ದಾವಣಗೆರೆಯವರೇ. ಧ್ವನಿ ದೊಡ್ಡದು, ಮನಸ್ಸು ಒಳ್ಳೆಯದು. ಅವತ್ತು ಅವರು ಕಾಗದಗಳನ್ನು ಕಟ್ಟುತ್ತಾ ನನಗೆ ಹೇಳಿದರು: "ಕೂಸಿನ ಕಾಲು ಮುರದೋನ್ನೂ ಕೋಳಿ ಕಾಲು ಮುರದೋನ್ನೂ ಒಂದೇ ಬೆಂಚಿನ ಮ್ಯಾಲೆ ಕೂಡ್ರಿಸ್ತೀವಲ್ಲ ನಾವು."

ಕೆಲವು ವರ್ಷಗಳ ಮೇಲೆ ನನಗೆ ಹರಿಹರದ ಕೋರ್ಟಿಗೆ ವರ್ಗವಾಯಿತು. ಇಮಾಂ ಸಾಬರು ಸ್ವಂತ ಊರೆಂದು ಕೇಳಿಕೊಂಡು ಅಲ್ಲಿಗೇ ಬಂದರು. ಹಾಲಪ್ಪನವರಿಗೆ ಎರಡೂ ಕೋರ್ಟುಗಳ ಕೆಲಸ. ಹೊಸ ಮ್ಯಾಜಿಸ್ಟ್ರೇಟರು ಮೈಸೂರು ಕಡೆಯ ಯುವಕರು. ಮೆಲ್ಲಗೆ ಮಾತಾಡುತ್ತಿದ್ದರು, ಬರೆದದ್ದನ್ನು ಎರಡು ಸಲ ಓದುತ್ತಿದ್ದರು. ಅರವತ್ತನೇ ಇಸವಿಯ ಸಂಕ್ರಾಂತಿಯ ಹೊತ್ತಿಗೆ ದಂಡ ಸಂಹಿತೆಯಲ್ಲಿ ಹೊಸ ಕಲಂ ಒಂದು ಜಾರಿಗೆ ಬಂತು. ಭಿಕ್ಷೆಗೆಂದು ಮಗುವನ್ನು ಕದ್ದರೆ, ಇಲ್ಲವೇ ತನ್ನದಲ್ಲದ ಮಗುವನ್ನು ವಶಕ್ಕೆ ಪಡೆದರೆ, ಹತ್ತು ವರ್ಷದವರೆಗೆ ಸಜೆ. ಭಿಕ್ಷೆಗೆಂದು ಮಗುವಿನ ಅಂಗ ಊನ ಮಾಡಿದರೆ ಜೀವಾವಧಿ.

ಆ ಕಲಮನ್ನು ಹಾಲಪ್ಪನವರು ನಮಗೆಲ್ಲ ನಿಂತು ಓದಿ ಹೇಳಿದರು. ಹೋಟೆಲಿನಲ್ಲಿ ಹೇಳಿದರು, ಬಸ್ ನಿಲ್ದಾಣದಲ್ಲಿ ಹೇಳಿದರು. "ಇನ್ನ ಬರ್ಲಿ ಮಕ್ಳು" ಎನ್ನುತ್ತಿದ್ದರು.

ಅದೇ ವರ್ಷ ಶ್ರಾವಣ ಕಳೆದ ಮೇಲೆ ಭರಮಪ್ಪ ಬಂದ. ಹರಿಹರೇಶ್ವರನ ಗುಡಿಯ ಹತ್ತಿರ, ಹೊಳೆಗೆ ಇಳಿಯುವ ದಾರಿಯಲ್ಲಿ, ಆರೇಳು ವರ್ಷದ ಹುಡುಗಿಯೊಬ್ಬಳನ್ನು ಭಿಕ್ಷೆಗೆ ಕೂರಿಸಿದ್ದಾಗ ಪೊಲೀಸರು ಹಿಡಿದಿದ್ದರು. ಹುಡುಗಿಯ ಎಡಗೈ ಸುಟ್ಟು, ಬೆರಳುಗಳು ಅಂಗೈಗೆ ಅಂಟಿಕೊಂಡಿದ್ದವು. ಹೆಸರು ಕರಿಬಸಿ ಎಂದಳು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ.

ಭರಮಪ್ಪನ ವಾದ ಸರಳವಾಗಿತ್ತು. ಹುಡುಗಿ ಸತ್ತುಹೋದ ತಂಗಿಯ ಮಗಳು, ತಂದೆಯೂ ಇಲ್ಲ, ತಾನೇ ಸೋದರಮಾವ, ತಾನೇ ಪೋಷಕ. ಕೈ ಸುಟ್ಟದ್ದು ಅವಳು ಕೂಸಾಗಿದ್ದಾಗ, ಒಲೆಗೆ ಬಿದ್ದು. ಡಾಕ್ಟರು ಗಾಯ ಅಷ್ಟು ಹಳೆಯದಲ್ಲ ಎಂದರು. ಹೇಗಾಯಿತೆಂದು ಮಾತ್ರ ಹೇಳಲಾರೆ ಎಂದರು.

ಇಂಥ ದೊಡ್ಡ ಶಿಕ್ಷೆಯ ಕೇಸನ್ನು ತೀರ್ಮಾನಿಸುವುದು ಚಿತ್ರದುರ್ಗದ ಸೆಷನ್ಸ್ ಕೋರ್ಟು. ಅಲ್ಲಿಗೆ ಕಳಿಸುವಷ್ಟು ಆಧಾರವಿದೆಯೇ ಎಂದು ನೋಡುವುದಷ್ಟೇ ನಮ್ಮ ಕೋರ್ಟಿನ ಕೆಲಸ. ಆಧಾರವಿಲ್ಲ ಎಂದಾದರೆ ಆರೋಪಿಯನ್ನು ಬಿಡಬೇಕು. ಬಿಟ್ಟರೆ ಹುಡುಗಿಯನ್ನೂ ಅವನಿಗೇ ಒಪ್ಪಿಸಬೇಕಾಗುತ್ತಿತ್ತು. ನನ್ನವಳು ಎಂದು ಕೇಳುತ್ತಿದ್ದವನು ಅವನೊಬ್ಬನೇ. ಇದನ್ನು ಮ್ಯಾಜಿಸ್ಟ್ರೇಟರು ಮೊದಲ ದಿನವೇ ಹಾಲಪ್ಪನವರಿಗೆ ಸ್ಪಷ್ಟವಾಗಿ ಹೇಳಿದರು.

ಮೊದಲು ಹುಡುಗಿಯನ್ನೇ ಕೇಳಿ ನೋಡಿದರು. ಚಿಕ್ಕ ಮಕ್ಕಳಿಗೆ ಪ್ರಮಾಣ ಮಾಡಿಸುವ ಮೊದಲು ಸತ್ಯ, ಸುಳ್ಳು ಗೊತ್ತಿದೆಯೇ ಎಂದು ಕೇಳುವುದು ಪದ್ಧತಿ.

"ಸುಳ್ಳು ಹೇಳಿದರೆ ಏನಾಗುತ್ತೆ, ಮಗು?" ಎಂದರು ಸಾಹೇಬರು.

"ಊಟ ಸಿಗ್ತೈತ್ರಿ."

"ನಿಜ ಹೇಳಿದರೆ?"

"ಹೊಡೀತಾರ."

ಸಾಹೇಬರು ಪ್ರಮಾಣ ಬೇಡವೆಂದು ಬರೆದುಕೊಂಡು, ಹಾಗೆಯೇ ಪ್ರಶ್ನೆ ಕೇಳಿದರು. ಪ್ರತಿ ಪ್ರಶ್ನೆಗೂ ಹುಡುಗಿ ನನ್ನ ಟಾಕಿನ ಕಡೆ ನೋಡುತ್ತಿದ್ದಳು. ಅದು ಕಾಗದದ ಮೇಲೆ ಇರುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಎತ್ತಿ ದೌತಿಗೆ ಅದ್ದಿದಾಗ, ಅದ್ದುವಷ್ಟು ಹೊತ್ತಿನಲ್ಲಿ, "ಗೊತ್ತಿಲ್ರಿ" ಎನ್ನುತ್ತಿದ್ದಳು. ಅವಳ ಹೇಳಿಕೆಯ ಪುಟದಲ್ಲಿ ಇದ್ದದ್ದು ಅದೊಂದೇ ಮಾತು.

ಮಧ್ಯಾಹ್ನ ಜಗಲಿಯಲ್ಲಿ ಇಮಾಂ ಸಾಬರು ಅವಳಿಗೆ ಮಂಡಕ್ಕಿ ತರಿಸಿ ಕೊಟ್ಟರು. ಹಾಲಪ್ಪನವರೂ ಪಕ್ಕದಲ್ಲಿ ಕೂತು ಅದೇ ಪೊಟ್ಟಣಕ್ಕೆ ಕೈ ಹಾಕಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಹುಡುಗಿ ಹಿಡಿ ಮಂಡಕ್ಕಿ ತೆಗೆದುಕೊಂಡು ಬಾಯಿಗೆ ಹಾಕಲಿಲ್ಲ. ಬಲ ಅಂಗೈಯಲ್ಲಿ ಮೆಲ್ಲಗೆ ಹಾರಿಸಿದಳು, ಬೆರಳ ಸಂದಿ ಬಿಡಿಸಿ ಉದುರಿಸಿದಳು, ಒಮ್ಮೆ ಊದಿದಳು, ಆಮೇಲೆ ತಿಂದಳು. ಪ್ರತಿ ಹಿಡಿಗೂ ಹಾಗೆಯೇ ಮಾಡಿದಳು.

ಮಂಡಕ್ಕಿಯನ್ನು ಭಟ್ಟಿಯಲ್ಲಿ, ಕಾದ ಮರಳಿನಲ್ಲಿ ಹುರಿಯುತ್ತಾರೆ. ಜರಡಿ ಹಿಡಿದ ಮೇಲೂ ಒಂದೆರಡು ಹರಳು ಉಳಿದಿರುತ್ತವೆ. ಅಂಗಡಿಯಿಂದ ಕೊಂಡು ತಿನ್ನುವವರು ಅದನ್ನು ಲೆಕ್ಕಕ್ಕೆ ತರುವುದಿಲ್ಲ. ಬಾಣಲೆಯ ಪಕ್ಕದಲ್ಲೇ, ಬಿಸಿ ಬಿಸಿಯಾಗಿ, ಜರಡಿಗೆ ಮೊದಲೇ ಎತ್ತಿಕೊಂಡು ತಿಂದು ಬೆಳೆದ ಮಕ್ಕಳಿಗೆ ಮಾತ್ರ ಹೀಗೆ ಉದುರಿಸುವುದು ಕೈಗೆ ಬಂದಿರುತ್ತದೆ.

ಹಾಲಪ್ಪನವರ ಕೈ ಪೊಟ್ಟಣದಲ್ಲೇ ನಿಂತಿತು. "ಯಾವ ಭಟ್ಟಿಯವ್ವ ನಿಮ್ಮದು?" ಎಂದರು.

ಹುಡುಗಿ ತಿನ್ನುವುದನ್ನು ನಿಲ್ಲಿಸಿದಳು.

ಮುಂದಿನದು ನಾನು ಕೇಳಿದ್ದು. ಹಾಲಪ್ಪನವರು ಪೇದೆಯೊಬ್ಬನನ್ನು ಕರೆದುಕೊಂಡು ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ಒಂದೊಂದಾಗಿ ತಿರುಗಿದರು. ಒಂದು ಭಟ್ಟಿಯಲ್ಲಿ ದುರುಗವ್ವ ಎಂಬ ಹೆಂಗಸು ಸಿಕ್ಕಳು. ಗಂಡ ಬಿಟ್ಟು ಹೋಗಿದ್ದ. ಬಾಣಲೆಯ ಮುಂದೆ ದುಡಿಯುತ್ತಿದ್ದಳು. ಅವಳಿಗೆ ಕರಿಬಸಿ ಎಂಬ ಮಗಳಿದ್ದಳೆಂದೂ ಯುಗಾದಿಯ ಮೇಲೆ ಅವಳು ಅಲ್ಲಿ ಕಂಡಿಲ್ಲವೆಂದೂ ಅಕ್ಕಪಕ್ಕದ ಹೆಂಗಸರು ಹೇಳಿದರು. ಆದರೆ ಕೋರ್ಟಿಗೆ ಬಂದು ಹೇಳಲು ಅವರಲ್ಲಿ ಒಬ್ಬರೂ ಒಪ್ಪಲಿಲ್ಲ. ಯಾಕೆ ಎಂಬುದಕ್ಕೆ ಹಾಲಪ್ಪನವರೇ ಕಾರಣ. ಭಟ್ಟಿಯ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ಹೊಸ ಕಲಮನ್ನು ಹೇಳಿಬಿಟ್ಟಿದ್ದರು: "ಇನ್ನ ಮ್ಯಾಲೆ ಕೂಸಿನ್ನ ಭಿಕ್ಷಾಕ್ಕೆ ಕೊಟ್ಟೋರು, ತಗಂಡೋರು, ಕಂಡೂ ಸುಮ್ಮನಿದ್ದೋರು ಎಲ್ಲಾರಿಗೂ ಹತ್ತು ವರ್ಷ. ತಿಳೀತಾ?" ಕಲಮಿನಲ್ಲಿ ಅಷ್ಟೆಲ್ಲ ಇರಲಿಲ್ಲ. ಕೊಟ್ಟವರನ್ನು ಅಪರಾಧಕ್ಕೆ ನೆರವಾದವರೆಂದು ಹಿಡಿಯಬಹುದಿತ್ತು, ಅದು ನಿಜ. ಅವರು ಹೇಳಿದ್ದು ಹೆದರಿಸಲೆಂದು. ಹೆದರಿದರು.

ದುರುಗವ್ವ ಸಮನ್ಸಿನ ಮೇಲೆ ಸಾಕ್ಷಿಗೆ ಬಂದ ದಿನ ಇಮಾಂ ಸಾಬರು ಒಂದೇ ಸಲ ಕೂಗಿದರು. ಅವಳು ಬಾಗಿಲಿಗೆ ಆತುಕೊಂಡೇ ನಿಂತಿದ್ದಳು. ಎಲುಬು ಕಾಣುವ ಹೆಂಗಸು; ಭಟ್ಟಿಯ ಬಿಸಿಗೆ ಹುಬ್ಬಿನ ಕೂದಲು ಸೀದಿತ್ತು. ಕಟಕಟೆ ಹತ್ತಿದಳು. ಗುರುತು ಹಿಡಿಸಲೆಂದು ಹುಡುಗಿಯನ್ನು ಕಟಕಟೆಯ ಪಕ್ಕದಲ್ಲೇ, ಕೆಳಗೆ, ನಿಲ್ಲಿಸಿದರು. ಎದುರಿನ ಮೂಲೆಯಲ್ಲಿ ಭರಮಪ್ಪ ನಿಂತಿದ್ದ. ನಾನು ಪ್ರಮಾಣ ಹೇಳಿಸಿದೆ. ದೇವರ ಹೆಸರು ಬಂದಾಗ ಅವಳ ಧ್ವನಿ ಇಳಿಯಿತು. ಇದು ಬಹಳ ಸಾಕ್ಷಿಗಳಿಗೆ ಆಗುತ್ತದೆ.

"ದುರುಗವ್ವ, ಆ ಹುಡುಗೀನ ನೋಡು" ಎಂದರು ಹಾಲಪ್ಪನವರು. "ನಿನ್ನ ಮಗಳೇನು?"

ಅವಳು ನೋಡಿದಳು. "ಅಲ್ರಿ."

"ಸರಿಯಾಗಿ ನೋಡವ್ವ."

"ನೋಡೀನ್ರಿ. ನನ್ನ ಮಗಳು ಊರಾಗ ನಮ್ಮವ್ವನ ತಾವ ಐತೆ."

"ಯಾವ ಊರು?"

ಅವಳು ಬಾಗಿಲ ಕಡೆ ಮುಖ ತಿರುಗಿಸಿದಳು. ಹಾಲಪ್ಪನವರ ಮುಖ ಕೆಂಪಾಯಿತು. ಹುಡುಗಿಯ ಕಡೆ ತಿರುಗಿದರು. "ನೀನಾರ ಹೇಳವ್ವ. ಈಕಿ ಯಾರು?"

ನಾನು ಟಾಕನ್ನು ದೌತಿಗೆ ಅದ್ದಿದೆ.

"ಗೊತ್ತಿಲ್ರಿ" ಎಂದಳು ಹುಡುಗಿ.

ಅದನ್ನು ಬರೆಯುವುದಕ್ಕೆ ತಲೆ ಬಗ್ಗಿಸಿದಾಗ ನಾನು ಕಂಡದ್ದನ್ನು ಬರೆಯುತ್ತೇನೆ. ಕಟಕಟೆಯ ಕೆಳಗಿನ ಎರಡು ಸರಳುಗಳ ನಡುವೆ ದುರುಗವ್ವನ ಬಲಪಾದದ ಮುಂಭಾಗ ಹೊರಗೆ ಬಂದಿತ್ತು. ಅದರ ಬೆರಳುಗಳ ಮೇಲೆ ಹುಡುಗಿಯ ಬರಿಪಾದ ಇತ್ತು. ಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. ಹುಡುಗಿ ಕಾಲಿಟ್ಟದ್ದು ಆಕಸ್ಮಿಕವಿರಬಹುದೆಂದು ಕಾದೆ. ಪಾದ ಸರಿಯಲಿಲ್ಲ. ತಾಯಿಯ ಹೆಬ್ಬೆರಳು ಮೇಲೆದ್ದು ಹುಡುಗಿಯ ಕಿರುಬೆರಳನ್ನು ಒತ್ತಿ ಹಿಡಿಯಿತು. ಸಾಕ್ಷಿಯನ್ನು ಕೆಳಗೆ ಇಳಿಸುವವರೆಗೂ ಹಾಗೆಯೇ ಇತ್ತು. ಪೀಠದಿಂದ ಇದು ಕಾಣುವುದಿಲ್ಲ. ವಕೀಲರ ಮೇಜಿನಿಂದಲೂ ಕಾಣುವುದಿಲ್ಲ.

ಹೇಳಿಕೆಯನ್ನು ಓದಿ ಹೇಳಿ ದುರುಗವ್ವನ ಹೆಬ್ಬೆಟ್ಟು ಒತ್ತಿಸಿದೆ.

ವಿರಾಮದಲ್ಲಿ ಸಾಹೇಬರ ಕೋಣೆಗೆ ಹೋಗಿ ಕಂಡದ್ದನ್ನು ಹೇಳಿದೆ. ಬೆಂಚ್ ಕ್ಲಾರ್ಕ್ ಹೀಗೆ ಮಾಡಬಹುದೇ ಎಂದು ನನ್ನ ತಂಗಿಯ ಮಗಳು ಕೇಳಬಹುದು.

"ನೋಡಿದಿರಾ, ಅಥವಾ ಅಂದುಕೊಂಡಿರಾ?" ಎಂದರು ಸಾಹೇಬರು.

"ನೋಡಿದೆ, ಸರ್."

ಅವರು ಬೆಲ್ಲು ಒತ್ತಿ ಹಾಲಪ್ಪನವರನ್ನೂ ಆರೋಪಿಯ ವಕೀಲರನ್ನೂ ಒಟ್ಟಿಗೆ ಕರೆಸಿದರು. ನಾನು ಹೇಳಿದ್ದನ್ನು ಇಬ್ಬರಿಗೂ ಹೇಳಿದರು. ವಕೀಲರು ಹಿರಿಯರು, ಸಿಟ್ಟಾಗಲಿಲ್ಲ. "ಕ್ಲಾರ್ಕಿನ ಕಣ್ಣು ಸಾಕ್ಷ್ಯವಲ್ಲ, ಸ್ವಾಮಿ" ಎಂದರು.

"ಅಲ್ಲ. ಅದಕ್ಕೇ ನಿಮ್ಮಿಬ್ಬರ ಎದುರು ಹೇಳಿದೆ. ದಾಖಲೆಗೆ ತರುವುದಿಲ್ಲ." ಆಮೇಲೆ ಹಾಲಪ್ಪನವರನ್ನು ಕೇಳಿದರು: "ಆಕೆಗೆ ಯಾಕೆ ಹೆದರಿಕೆ?"

ಹಾಲಪ್ಪನವರು ಭಟ್ಟಿಯಲ್ಲಿ ತಾವು ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದರು. "ನನ್ನ ಬಾಯೇ ನನ್ನ ಕೇಸಿಗೆ ಮುಳುವಾತು, ಸರ್. ಕಾಯ್ದೆ ಬಂತು ಅಂತ ಹಿಗ್ಗಿಬಿಟ್ಟೆ."

"ಆಕೆಯನ್ನು ಮಾಫಿ ಸಾಕ್ಷಿ ಮಾಡಿ" ಎಂದರು ಸಾಹೇಬರು.

ಕೃತ್ಯದಲ್ಲಿ ಪಾಲಿದ್ದವರು ನಡೆದದ್ದೆಲ್ಲವನ್ನೂ ಮುಚ್ಚದೆ ಹೇಳಿದರೆ ಅವರ ಅಪರಾಧ ಮಾಫಿ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇತ್ತು. ಹಳೆಯ ಕಲಂ. ಡಕಾಯಿತಿ ಕೇಸುಗಳಲ್ಲಿ ಗುಂಪಿನ ಒಬ್ಬನನ್ನು ಒಡೆಯಲು ಬಳಸುತ್ತಿದ್ದರು.

"ಸರ್, ಅದು ಡಕಾಯಿತರಿಗೆ…" ಎಂದರು ಹಾಲಪ್ಪನವರು.

"ಕಲಮಿನಲ್ಲಿ ಹಾಗೆ ಬರೆದಿಲ್ಲ."

ಒಂದು ತೊಡಕಿತ್ತು. ಮಾಫಿ ಪಡೆದ ಸಾಕ್ಷಿ ಸೆಷನ್ಸ್ ವಿಚಾರಣೆ ಮುಗಿಯುವ ತನಕ ಬಂಧನದಲ್ಲೇ ಇರಬೇಕೆಂದು ಅದೇ ಕಲಂ ಹೇಳುತ್ತಿತ್ತು. ಮರುದಿನ ದುರುಗವ್ವನನ್ನು ಕರೆಸಿ ಸಾಹೇಬರು ಇದನ್ನೆಲ್ಲ ತಿಳಿಸಿ ಹೇಳಿದರು. ಅವರ ಮೈಸೂರು ಮಾತು ಅವಳಿಗೆ ಎಷ್ಟು ತಿಳಿಯಿತೋ.

"ಮಾಫಿ ಅಂತೀರಿ, ಮತ್ತೆ ಒಳಗ ಹಾಕ್ತೀನಿ ಅಂತೀರಿ. ಇದು ಹೆಂಗ್ರಿ?" ಎಂದಳು.

ಸಾಹೇಬರು ಇಮಾಂ ಸಾಬರ ಕಡೆ ನೋಡಿದರು. ಇಮಾಂ ಸಾಬರು ಕಟಕಟೆಯ ಹತ್ತಿರ ಹೋಗಿ ನಿಂತರು. "ನೋಡಕ್ಕ, ಗುನ್ನೆ ಮಾಫ್ ಆಗ್ತೈತೆ. ಹತ್ತು ವರ್ಷ ಇಲ್ಲ, ಏನಿಲ್ಲ. ಕೇಸು ಮುಗಿಯೋ ತನಕ ಮಾತ್ರ ಇಲ್ಲೇ ಸಬ್‌ಜೈಲಿನಾಗ ಇರ್ಬೇಕು. ನೀ ಎದ್ದು ಹೋಗಿ ಮಾತು ತಿರುವಿಬಿಟ್ಟೀ ಅಂತ."

"ಕೂಸು?"

ಇಮಾಂ ಸಾಬರು ಪೀಠದ ಕಡೆ ತಿರುಗಿದರು. ಆ ವಯಸ್ಸಿನ ಮಗುವನ್ನು ಸಬ್‌ಜೈಲಿನಲ್ಲಿ ಇರಿಸುವ ಪದ್ಧತಿ ಇರಲಿಲ್ಲ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಮೇಲಿನವರಿಗೆ ಬರೆದು ಅಪ್ಪಣೆ ತರಿಸುತ್ತೇನೆ" ಎಂದರು. "ಮಗು ನಿನ್ನ ಜೊತೆ ಇರುತ್ತೆ."

"ಇವನ ಕೈಗೆ ಹೋಗಾಕಿಲ್ಲ ಅಂತೀರಿ?" ಎಂದು ಭರಮಪ್ಪನ ಕಡೆ ಕೈ ತೋರಿದಳು.

"ಹೋಗುವುದಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕಡೆ ನೋಡಿದಳು. "ಹಂಗಾದ್ರೆ ಬರ್ಕೋರಿ."

ಅವಳು ಹೇಳಿದ್ದನ್ನು ಸಂಕ್ಷೇಪವಾಗಿ ಬರೆಯುತ್ತೇನೆ. ಯುಗಾದಿಯ ಮೇಲೆ ಭರಮಪ್ಪ ಬಂದು, ಹುಡುಗಿಯನ್ನು ಗುಡಿಯ ಮುಂದೆ ಕೂರಿಸುತ್ತೇನೆ, ಊಟ ಹಾಕುತ್ತೇನೆ, ನಿನಗೆ ವಾರ ವಾರ ಜೋಳ ತಂದುಕೊಡುತ್ತೇನೆ ಎಂದ. ಭಿಕ್ಷೆಗೆಂದು ತಿಳಿದೇ ಕೊಟ್ಟಳು. ಭಟ್ಟಿಯಲ್ಲಿ ಬೆಂಕಿಯ ಮುಂದೆ ಬೀಳುವುದಕ್ಕಿಂತ ಅದು ಮೇಲು ಎಂದುಕೊಂಡಳಂತೆ. ಆಗ ಮಗಳ ಎರಡು ಕೈಯೂ ನೆಟ್ಟಗಿದ್ದವು. ಕೆಲವು ವಾರ ಜೋಳ ಬಂತು, ಆಮೇಲೆ ನಿಂತಿತು. ಶ್ರಾವಣ ಸೋಮವಾರ ಹರಿಹರಕ್ಕೆ ಬಂದು ನೋಡಿದರೆ ಎಡಗೈಗೆ ಅರಿವೆ ಸುತ್ತಿತ್ತು. ಕೇಳಿದ್ದಕ್ಕೆ ಭರಮಪ್ಪ, "ನೆಟ್ಟಗಿರೋ ಕೂಸಿಗೆ ಯಾರು ಹಾಕ್ತಾರೆ? ಈಗ ಮಂದಿ ಹಂಗೇ ದಾಟಿ ಹೋಗಲ್ಲ" ಎಂದ. ಕರೆದುಕೊಂಡು ಹೋಗುತ್ತೇನೆಂದಾಗ, "ಹೋಗು, ಪೊಲೀಸರಿಗೆ ನೀನೇ ಕೊಟ್ಟೀ ಅಂತ ಹೇಳ್ತೀನಿ" ಎಂದ. ಅವಳು ಬರಿಗೈಲಿ ತಿರುಗಿ ಹೋದಳು. ಹೋಗುವ ಮೊದಲು ಹೊಳೆಯ ದಾರಿಯಲ್ಲಿ ಮಗಳನ್ನು ಮಾತಾಡಿಸಿ, ಯಾರು ಕೇಳಿದರೂ ನಾನು ಯಾರೋ ಗೊತ್ತಿಲ್ಲ ಅನ್ನು, ಗೊತ್ತು ಅಂದರೆ ನನ್ನನ್ನು ಹಿಡಿದುಕೊಂಡು ಹೋಗುತ್ತಾರೆ ಎಂದು ಕಲಿಸಿದಳು.

ಇಷ್ಟನ್ನು ಹೇಳುವಾಗ ಅವಳು ಅಳಲಿಲ್ಲ. ಭರಮಪ್ಪ ಕಿಟಕಿಯ ಕಡೆ ನೋಡುತ್ತಿದ್ದ. ನಾನು ಅವತ್ತು ಅಕ್ಷರ ಬಿಡಿಸಿ ಬಿಡಿಸಿ ಬರೆದೆ.

ಚಿತ್ರದುರ್ಗದಲ್ಲಿ ಆದದ್ದು ಹಾಲಪ್ಪನವರಿಂದ ಕೇಳಿದ್ದು. ಮಗಳನ್ನು ಭಿಕ್ಷೆಗೆ ಕೊಟ್ಟವಳು, ಒಮ್ಮೆ ಪ್ರಮಾಣ ಮಾಡಿ ಸುಳ್ಳು ಹೇಳಿದವಳು, ನಿನ್ನನ್ನು ಯಾಕೆ ನಂಬಬೇಕು ಎಂದು ಅಲ್ಲಿನ ವಕೀಲರು ಕೇಳಿದರಂತೆ. "ನನ್ನ ನಂಬಬ್ಯಾಡ್ರಿ. ಕೈ ನೋಡ್ರಿ" ಎಂದಳಂತೆ. ಭರಮಪ್ಪನಿಗೆ ಜೀವಾವಧಿ ಆಯಿತು. ಅವನು ಹಿಂದೆ ನಮ್ಮ ಬೆಂಚಿನ ಮೇಲೆ ನಿದ್ದೆ ಹೋಗಿದ್ದುದನ್ನು ನಾನು ಹಾಲಪ್ಪನವರಿಗೆ ನೆನಪಿಸಿದೆ. ಕುಂಟ ಹುಡುಗನ ವಿಷಯ ಕೇಳಿದ್ದಕ್ಕೆ ಅವನು ಓಡಿಹೋದ ಎಂದಷ್ಟೇ ಭರಮಪ್ಪ ಹೇಳಿದ್ದನಂತೆ. ಪೊಲೀಸರು ಹುಡುಕಿದರು. ಸಿಗಲಿಲ್ಲ.

ಶಿಕ್ಷೆ ಹೆಚ್ಚಾಗದಿದ್ದರೆ ಭರಮಪ್ಪ ಮತ್ತೊಮ್ಮೆ ಕೋರ್ಟು ಏಳುವವರೆಗೆ ಕೂತು ಎದ್ದು ಹೋಗುತ್ತಿದ್ದ. ಇದು ನಿಜ. ಅದೇ ಹೆಚ್ಚಾದ ಶಿಕ್ಷೆ ಅವತ್ತು ಕಟಕಟೆಯಲ್ಲಿ ತಾಯಿಯ ಬಾಯಿ ಕಟ್ಟಿತ್ತು. ಅದೂ ನಿಜ. ಎರಡನ್ನೂ ನೋಡಿದವನು ನಾನು. ಇವುಗಳಲ್ಲಿ ಯಾವುದು ದೊಡ್ಡದು ಎಂದು ತೂಗುವ ಕೆಲಸ ಪೀಠದ ಮೇಲೆ ಕೂತವರದು.

ತಾಯಿ, ಮಗಳು ಸಬ್‌ಜೈಲಿನಲ್ಲಿ ಕೆಲವು ತಿಂಗಳು ಇದ್ದರು. ಅದು ನಮ್ಮ ಕೋರ್ಟಿನ ಹಿಂದೆಯೇ. ಇಮಾಂ ಸಾಬರು ಆಗಾಗ ಮಂಡಕ್ಕಿ ಕೊಟ್ಟು ಬರುತ್ತಿದ್ದರು. ಅಲ್ಲಿ ಹುಡುಗಿ ದಿನವಿಡೀ ಅವ್ವ ಅವ್ವ ಎಂದು ತಾಯಿಯ ಸೆರಗು ಬಿಡುವುದಿಲ್ಲವೆಂದು ಅವರು ಬಂದು ಹೇಳುತ್ತಿದ್ದರು. ಇದೂ ಕೇಳಿದ್ದು.

ಬಿಡುಗಡೆಯ ಆದೇಶ ಬಂದ ದಿನ ದುರುಗವ್ವನ ಹೆಬ್ಬೆಟ್ಟು ಪಡೆಯಲು ಇಬ್ಬರನ್ನೂ ಕೋರ್ಟಿಗೆ ಕರೆತಂದರು. ಸಾಹೇಬರು ಊಟಕ್ಕೆ ಹೋಗಿದ್ದರು. ಪೀಠ ಖಾಲಿ ಇತ್ತು. ಹುಡುಗಿ ಸ್ವಲ್ಪ ಮೈ ಹಿಡಿದಿದ್ದಳು. ಹಾಲಪ್ಪನವರು ಬಂದು ಅವಳ ತಲೆ ನೇವರಿಸಿದರು. ಅವರಿಗೆ ಅವತ್ತು ಬಹಳ ಸಂತೋಷವಾಗಿತ್ತು. ತಮಾಷೆಗೆ ಕೇಳಿದರು:

"ಏನವ್ವ ಕರಿಬಸಿ, ಈಕಿ ಯಾರು?"

ಹುಡುಗಿ ನಿಂತಲ್ಲೇ ಬಿಗಿಯಾದಳು. ಮುಖವನ್ನು ಬೇರೆ ಕಡೆ ತಿರುಗಿಸಿದಳು. ಅವಳ ಪಾದ ಸರಿದು ತಾಯಿಯ ಪಾದದ ಮೇಲೆ ಕೂತಿತು. "ಗೊತ್ತಿಲ್ರಿ" ಎಂದಳು.

ಹಾಲಪ್ಪನವರ ಕೈ ಅವಳ ತಲೆಯ ಮೇಲೆ ಹಾಗೆಯೇ ಉಳಿಯಿತು. ದುರುಗವ್ವ ಬಗ್ಗಿದಳು. "ಈಗ ಅನ್ನಬೋದು ಬಸೀ. ಮುಗೀತವ್ವ. ಅನ್ನು."

ಹುಡುಗಿ ಖಾಲಿ ಪೀಠವನ್ನು ನೋಡಿದಳು. ಆಮೇಲೆ ನನ್ನ ಕೈಯನ್ನು ನೋಡಿದಳು. ಹೆಬ್ಬೆಟ್ಟಿನ ಕೆಳಗೆ ಅವಳ ತಾಯಿಯ ಹೆಸರು ಬರೆಯಲೆಂದು ನಾನು ಟಾಕು ಹಿಡಿದಿದ್ದೆ.

"ಇವ್ರು ಬರ್ಕೋತಾರೆ" ಎಂದಳು ತಾಯಿಗೆ.

"ಇಲ್ಲವ್ವ" ಎಂದೆ.

ಅವಳು ನಂಬಲಿಲ್ಲ. ನಾನು ಟಾಕನ್ನು ಕೆಳಗಿಟ್ಟೆ. ದೌತಿಯ ಮುಚ್ಚಳ ಹಾಕಿದೆ. ಎರಡು ಕೈಯನ್ನೂ ಅವಳಿಗೆ ಕಾಣುವ ಹಾಗೆ ಮೇಜಿನ ಮೇಲೆ ಚಾಚಿ ಇಟ್ಟೆ.

ಆಮೇಲೆ ಅಂದಳು.